ಉಣ್ಣೆ: ಹಸುವಿನ ಕಿವಿಯಿಂದ ಕ್ಯಾಸನೂರು ಕಾಡಿನವರೆಗೆ

ಸ್ಕಂದಗಿರಿ ಹತ್ತಿ ಬಂದ ಮಾರನೇ ದಿನ ನಮ್ಮ ಹಾಸ್ಟೆಲ್‌ನ ಒಬ್ಬ ಜೂನಿಯರ್ ಬಚ್ಚಲಿನಿಂದ ಕೂಗಿಕೊಂಡ. ಸೊಂಟದ ಹತ್ತಿರ ಎಳ್ಳಿನ ಕಾಳಿನಷ್ಟು ಕಪ್ಪಗಿನದು ಏನೋ ಅಂಟಿಕೊಂಡಿದೆ, ಕಿತ್ತರೂ ಬರ್ತಿಲ್ಲ ಅಂತ. ಐದೇ ನಿಮಿಷದಲ್ಲಿ ರೂಮ್ ತುಂಬ ಜನ, ಜನಕ್ಕೊಂದು ಸಲಹೆ. ಒಬ್ಬ ಲೈಟರ್ ತಂದ, ಇನ್ನೊಬ್ಬ ಸೀಮೆಎಣ್ಣೆ ಎಲ್ಲಿ ಸಿಗುತ್ತೆ ಅಂತ ಕೇಳಿದ, ಮತ್ತೊಬ್ಬ ಫೋನ್ ನೋಡಿಕೊಂಡು "ಮಗಾ, ಇದು ಮಂಗನ ಕಾಯಿಲೆ" ಅಂತ ಹೇಳಿ ಹುಡುಗನನ್ನು ಅರ್ಧ ಸಾಯಿಸಿಬಿಟ್ಟ.

ಅದು ಉಣ್ಣೆ. ನಾನು ಶಿಡ್ಲಘಟ್ಟ ತಾಲ್ಲೂಕಿನವನು, ಮನೆಯಲ್ಲಿ ಹಸು ಇದೆ, ರೇಷ್ಮೆ ಹುಳ ಇದೆ. ಉಣ್ಣೆಯನ್ನು ನೋಡಿಕೊಂಡೇ ಬೆಳೆದವನು. ಹೋದ ವರ್ಷ ಈ ಹುಳು ನಮ್ಮ ಮನೆಗೆ ಎರಡು ಸಲ ಪೆಟ್ಟು ಕೊಟ್ಟ ಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಪಶು ಡಾಕ್ಟ್ರ ತಲೆ ತಿಂದೆ. ಕನ್ನಡ ಸಂಘದವರು "ನಿನಗೆ ಗೊತ್ತಿರೋದನ್ನ ಬರಿ" ಅಂದಾಗ ನೆನಪಾಗಿದ್ದು ಇದೇ.

ಮೊದಲು ಹೆಸರು

ನಮ್ಮ ಕಡೆ ಉಣ್ಣೆ ಅಂತೀವಿ. ಕಂಬಳಿಯ ಉಣ್ಣೆಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಕುರಿಯ ಮೈಮೇಲೆ ಎರಡೂ ಇರುತ್ತೆ ಅನ್ನೋದು ಬೇರೆ ಮಾತು. ಮಲೆನಾಡಿನ ಗೆಳೆಯರು ಉಣುಗು ಅಂತಾರೆ. ತಮಿಳಿನಲ್ಲಿ, ಮಲಯಾಳದಲ್ಲಿ ಉಣ್ಣಿ. ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ಪಿಡುದು ಅಂತಲೋ ಗೋಮಾರಿ ಅಂತಲೋ ಕರೆಯುತ್ತಾರೆ. ರಕ್ತ ಕುಡಿದು ಊದಿದ ಉಣ್ಣೆಯನ್ನು ಅಂಗೈ ಮೇಲೆ ಇಟ್ಟು ನೋಡಿದರೆ ಥೇಟ್ ಹರಳು ಬೀಜ. ಈ ಹೋಲಿಕೆ ಹಳೇ ರೋಮನ್ನರಿಗೂ ಕಂಡಿತ್ತು: ಲ್ಯಾಟಿನ್ ಭಾಷೆಯಲ್ಲಿ ರಿಸಿನಸ್ ಅಂದರೆ ಉಣ್ಣೆ, ಹರಳು ಗಿಡದ ಶಾಸ್ತ್ರೀಯ ಹೆಸರು ಇವತ್ತಿಗೂ ರಿಸಿನಸ್ ಕಮ್ಯೂನಿಸ್.

ಉಣ್ಣೆ ಕೀಟ ಅಲ್ಲ. ಕೀಟಕ್ಕೆ ಆರು ಕಾಲು, ಉಣ್ಣೆಗೆ ಎಂಟು; ಜೇಡ, ಚೇಳುಗಳ ಬಳಗ. ಮೊಟ್ಟೆಯಿಂದ ಹೊರಬಂದ ಮರಿಗೆ ಮಾತ್ರ ಆರು ಕಾಲು. ಅದು ಒಂದು ಸಲ ರಕ್ತ ಕುಡಿದು ಪೊರೆ ಕಳಚಿದ ಮೇಲೆ ಎಂಟು ಕಾಲಿನ ಎಳೆ ಉಣ್ಣೆ ಆಗುತ್ತೆ, ಇನ್ನೊಂದು ಊಟಕ್ಕೆ ದೊಡ್ಡದಾಗುತ್ತೆ, ಮೂರನೇ ಊಟ ಮುಗಿಸಿದ ಹೆಣ್ಣು ಕೆಳಗೆ ಬಿದ್ದು ಮೊಟ್ಟೆ ಇಟ್ಟು ಸಾಯುತ್ತೆ. ಅಂದರೆ ಇಡೀ ಜೀವಮಾನಕ್ಕೆ ಮೂರೇ ಊಟ. ನಮ್ಮ ಮೆಸ್ಸಿನಲ್ಲಿ ಊಟ ಮಾಡುವವರಿಗೆ ಇದು ನಂಬಲು ಕಷ್ಟವಾಗಲಿಕ್ಕಿಲ್ಲ.

ಎಂಜಿನಿಯರ್ ಕಣ್ಣಿನಿಂದ ನೋಡಿದರೆ ಇದು ಬಲೇ ಚೆಂದದ ಯಂತ್ರ. ಮುಂಗಾಲಿನ ತುದಿಯಲ್ಲಿ ಹಾಲರ್ ಅಂಗ ಅಂತ ಒಂದು ಸಣ್ಣ ಗುಳಿ ಇದೆ. ಉಸಿರಿನ ಕಾರ್ಬನ್ ಡೈಆಕ್ಸೈಡ್, ಮೈಯ ಬಿಸಿ, ಬೆವರಿನ ವಾಸನೆ ಎಲ್ಲವನ್ನೂ ಹಿಡಿಯುವ ಸೆನ್ಸರ್ ಅದು. ಹುಲ್ಲಿನ ತುದಿ ಹತ್ತಿ ಮುಂಗಾಲು ಚಾಚಿಕೊಂಡು ಬಸ್‌ಗೆ ಕೈ ತೋರಿಸುವವರ ಹಾಗೆ ನಿಂತಿರುತ್ತೆ. ಕಚ್ಚುವ ಮೂತಿಗೆ ಹಿಮ್ಮುಖವಾದ ಮುಳ್ಳು, ಮೇಲೆ ಸಿಮೆಂಟಿನಂಥ ಅಂಟು. ಅದಕ್ಕೇ ಸುಲಭವಾಗಿ ಕಿತ್ತು ಬರೋದಿಲ್ಲ. ಜೊಲ್ಲಿನಲ್ಲಿ ನೋವು ಗೊತ್ತಾಗದಂತೆ ಮಾಡುವ ವಸ್ತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಎರಡೂ ಇವೆ. ಇನ್ನೊಂದು ಸಂಗತಿ ಇದೆ, ಇಡೀ ಲೇಖನದ ಕೀಲಿ ಅದು. ಕುಡಿದ ರಕ್ತದಲ್ಲಿ ಹೆಚ್ಚಿನದು ನೀರು. ಉಣ್ಣೆ ಆ ನೀರನ್ನು ಬೇರ್ಪಡಿಸಿ, ತನ್ನ ಜೊಲ್ಲಿನ ಮೂಲಕ ಪ್ರಾಣಿಯ ಮೈಯೊಳಕ್ಕೇ ವಾಪಸ್ ಪಂಪ್ ಮಾಡುತ್ತೆ. ಎಳೆದುಕೊಳ್ಳುವುದು, ಹಿಂದಕ್ಕೆ ತಳ್ಳುವುದು, ದಿನಗಟ್ಟಲೆ ಇದೇ ಕೆಲಸ. ರೋಗಾಣು ಹತ್ತಿ ಬರುವುದು ಈ ರಿಟರ್ನ್ ಲೈನಿನಲ್ಲಿ.

ನಮ್ಮ ಮನೆಯ ಹಸು

ಹೋದ ಬೇಸಿಗೆ. ನಮ್ಮದು ಎಚ್‌ಎಫ್ ಮಿಶ್ರತಳಿ ಹಸು, ಎರಡನೇ ಕರು ಹಾಕಿ ಎರಡು ತಿಂಗಳಾಗಿತ್ತು, ಹೊತ್ತಿಗೆ ಒಂಬತ್ತು ಲೀಟರ್ ಕೊಡ್ತಿತ್ತು. ಒಂದು ಬೆಳಿಗ್ಗೆ ಮೇವು ಮುಟ್ಟಲಿಲ್ಲ. ಕಣ್ಣಲ್ಲಿ ನೀರು, ಮೈ ಕೆಂಡ. ಅಮ್ಮ ಬಿಸಿಲಿಗೆ ಹೀಗಾಗಿದೆ ಅಂದುಕೊಂಡರು. ಊರಲ್ಲಿ ಇಂಜೆಕ್ಷನ್ ಕೊಡುವವರೊಬ್ಬರು ಬಂದು ಜ್ವರದ ಸೂಜಿ ಹಾಕಿ ಹೋದರು. ಜ್ವರ ಇಳಿಯಿತು, ಸಂಜೆಗೆ ಮತ್ತೆ ಏರಿತು. ಹೀಗೇ ಮೂರು ದಿನ ಕಳೆದವು. ನಾಲ್ಕನೇ ದಿನ ತಾಲ್ಲೂಕಿನಿಂದ ಪಶು ಡಾಕ್ಟ್ರು ಬಂದವರು ಹಸುವಿನ ಹೆಗಲ ಮುಂದೆ ಕೈಯಾಡಿಸಿ, "ಇಲ್ಲಿ ಮುಟ್ಟಿ ನೋಡಮ್ಮ" ಅಂದರು. ಚರ್ಮದ ಕೆಳಗೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು. ಕಿವಿಯ ರಕ್ತ ತೆಗೆದು ಗಾಜಿನ ಮೇಲೆ ಸವರಿಕೊಂಡು ಹೋದರು. ಥೈಲೇರಿಯಾ.

ಈ ರೋಗ ತರುವುದು ಹಯಲೋಮಾ ಅನ್ನುವ ಜಾತಿಯ ಉಣ್ಣೆ. ಕಾಲುಗಳ ಮೇಲೆ ಬಿಳಿ ಪಟ್ಟೆ ಇರುತ್ತೆ, ಗುರುತು ಹಿಡಿಯುವುದು ಸುಲಭ. ಅದರ ಜೊಲ್ಲಿನಿಂದ ಒಳಹೊಕ್ಕ ಥೈಲೇರಿಯಾ ಅನ್ಯುಲೇಟಾ ಎಂಬ ಏಕಕೋಶ ಜೀವಿ ಮಾಡುವ ಕೆಲಸ ಕೇಳಿದರೆ ಆಶ್ಚರ್ಯ ಆಗುತ್ತೆ. ರೋಗದ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣದ ಒಳಗೇ ಹೋಗಿ ಕೂತು, ಆ ಕಣ ಕ್ಯಾನ್ಸರ್ ಕಣದ ಹಾಗೆ ನಿಲ್ಲದೆ ವಿಭಜನೆ ಆಗುವಂತೆ ಮಾಡುತ್ತೆ. ಕಣ ಎರಡಾದಾಗ ಒಳಗಿನ ಪರಾವಲಂಬಿಯೂ ಎರಡಾಗಿ ಹಂಚಿಕೊಳ್ಳುತ್ತೆ. ಹೆಗಲ ಮುಂದಿನ ಗಂಟು ಅಂದರೆ ಅದೇ: ಹಾಲ್ಗಂಟಿನಂತೆ ಊದಿದ ದುಗ್ಧಗ್ರಂಥಿ. ಆಮೇಲೆ ಅದು ಕೆಂಪು ರಕ್ತಕಣಕ್ಕೂ ನುಗ್ಗಿ ರಕ್ತಹೀನತೆ ಬರಿಸುತ್ತೆ. ಪರಾವಲಂಬಿಯನ್ನು ಕೊಂದರೆ ಆ ಬಿಳಿ ಕಣಗಳ ಹುಚ್ಚು ವಿಭಜನೆಯೂ ನಿಂತುಬಿಡುತ್ತೆ. ಅದನ್ನು ಕೊಲ್ಲುವ ಔಷಧಿ ಬ್ಯುಪಾರ್ವಾಕ್ವೋನ್. ಡೋಸು 20 ಕೆಜಿ ತೂಕಕ್ಕೆ 1 ಮಿ.ಲೀ., ನಮ್ಮ ಹಸು ಹತ್ತಿರ ಹತ್ತಿರ 400 ಕೆಜಿ, ಅಂದರೆ 20 ಮಿ.ಲೀ.ನ ಇಡೀ ಬಾಟಲಿ. ದುಬಾರಿ ಔಷಧಿ. ಮೊದಲ ದಿನವೇ ಕೊಟ್ಟಿದ್ದರೆ ಹಸು ಬೇಗ ಏಳುತ್ತಿತ್ತು ಅಂತ ಡಾಕ್ಟ್ರು ಅಂದರು. ಹಸು ಉಳಿಯಿತು, ಹಾಲು ಉಳಿಯಲಿಲ್ಲ. ಆ ಸೂಲಿನಲ್ಲಿ ಮತ್ತೆ ಹೊತ್ತಿಗೆ ಮೂರು ಲೀಟರ್ ದಾಟಲೇ ಇಲ್ಲ. ಡೈರಿ ಬಿಲ್ಲಿನ ಮೇಲೆ ನನ್ನ ಹಾಸ್ಟೆಲ್ ಫೀಸ್ ನಿಂತಿತ್ತು ಅನ್ನೋದನ್ನ ಇಲ್ಲಿ ಹೇಳದಿದ್ದರೆ ಲೆಕ್ಕ ಪೂರ್ತಿ ಆಗೋದಿಲ್ಲ.

ಪಕ್ಕದ ಮನೆಯ ತಾತನ ನಾಟಿ ಹಸುವಿನ ಮೇಲೂ ಉಣ್ಣೆ ಇತ್ತು. ಅದಕ್ಕೆ ಏನೂ ಆಗಲಿಲ್ಲ. ಯಾಕೆ?

ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ದೂರ, ಅಮೆರಿಕಾಕ್ಕೆ ಹೋಗಬೇಕು. 19ನೇ ಶತಮಾನದಲ್ಲಿ ಟೆಕ್ಸಸ್‌ನ ದನಗಳನ್ನು ಮಾರಲು ಉತ್ತರಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಹೋದ ದಾರಿಯಲ್ಲೆಲ್ಲ ಉತ್ತರದ ದನಗಳು ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು, ಟೆಕ್ಸಸ್ ದನಗಳು ಮಾತ್ರ ಗಟ್ಟಿಮುಟ್ಟಾಗಿ ಇರುತ್ತಿದ್ದವು. ದನ ಕಾಯುವವರು "ಇದು ಉಣ್ಣೆಯದೇ ಕೆಲಸ" ಅಂದರೆ ಓದಿದವರು ನಗುತ್ತಿದ್ದರು. ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಅನ್ನುವವರು ನಗದೆ ಪ್ರಯೋಗ ಮಾಡಿದರು. ಒಂದು ಹೊಲದಲ್ಲಿ ದಕ್ಷಿಣದ ದನವನ್ನು ಉಣ್ಣೆ ಸಮೇತ ಬಿಟ್ಟರು, ಇನ್ನೊಂದರಲ್ಲಿ ಉಣ್ಣೆಯನ್ನು ಕೈಯಲ್ಲಿ ಒಂದೊಂದೇ ಕಿತ್ತು ಬಿಟ್ಟರು, ಮತ್ತೊಂದರಲ್ಲಿ ದನವೇ ಇಲ್ಲದೆ ಬರೀ ಉಣ್ಣೆ ಹರಡಿದರು, ಎಲ್ಲ ಕಡೆಯೂ ಉತ್ತರದ ದನಗಳನ್ನು ಮೇಯಲು ಬಿಟ್ಟರು. ಉಣ್ಣೆ ಇದ್ದ ಕಡೆ ರೋಗ, ಇಲ್ಲದ ಕಡೆ ಇಲ್ಲ. 1893ರಲ್ಲಿ ಪ್ರಕಟವಾದ ಈ ಕೆಲಸ, ಕಾಲು ಜೋಡಿಸಿಕೊಂಡ ಒಂದು ಸಣ್ಣ ಜೀವಿ ರೋಗವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸಬಲ್ಲದು ಅಂತ ಪ್ರಯೋಗದಿಂದ ತೋರಿಸಿದ ಮೊದಲಿನವುಗಳಲ್ಲಿ ಒಂದು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡಿದ್ದು ಅದಾಗಿ ನಾಲ್ಕು ವರ್ಷಕ್ಕೆ, 1897ರಲ್ಲಿ. ಸೊಳ್ಳೆ ಪಠ್ಯಪುಸ್ತಕ ಸೇರಿತು, ಉಣ್ಣೆ ಸೇರಲಿಲ್ಲ.

ಟೆಕ್ಸಸ್ ದನಗಳು ಕರುವಾಗಿದ್ದಾಗಲೇ ಕಚ್ಚಿಸಿಕೊಂಡು, ಸಣ್ಣಗೆ ಕಾಯಿಲೆ ಬಿದ್ದು ಎದ್ದು, ಜೀವನಪೂರ್ತಿ ರಕ್ಷಣೆ ಪಡೆದಿದ್ದವು. ಉತ್ತರದವು ಉಣ್ಣೆಯನ್ನೇ ಕಾಣದವು. ಈಗ ಇದನ್ನು ನಮ್ಮೂರಿಗೆ ತನ್ನಿ: ತಾತನ ನಾಟಿ ಹಸು ಟೆಕ್ಸಸ್ಸಿನದು, ನಮ್ಮ ಎಚ್‌ಎಫ್ ಉತ್ತರದ್ದು. ಇದರ ಜೊತೆಗೆ ತಳಿಯ ಗುಣವೂ ಸೇರುತ್ತೆ. ಹಳ್ಳಿಕಾರ್‌ನಂಥ ನಮ್ಮ ದನಗಳ ಚರ್ಮದ ಮೇಲೆ ಉಣ್ಣೆ ಅಷ್ಟು ಸುಲಭವಾಗಿ ನೆಲೆ ನಿಲ್ಲೋದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಾಲಿನ ಹೊಳೆ ಹರಿದಿದ್ದು ಯುರೋಪಿನ ತಳಿಯ ರಕ್ತದಿಂದ. ಆ ರಕ್ತಕ್ಕೆ ನಮ್ಮ ಉಣ್ಣೆಯ ಪರಿಚಯ ಇಲ್ಲ.

ಟೆಕ್ಸಸ್‌ನ ರೋಗ ಥೈಲೇರಿಯಾ ಅಲ್ಲ, ಬೆಬೀಸಿಯಾ. ಅದೂ ನಮ್ಮಲ್ಲಿದೆ. ಹಸು ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ ಮಾಡಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು. ಸಾಗಿಸುವುದು ರೈಪಿಸೆಫಲಸ್ ಮೈಕ್ರೋಪ್ಲಸ್, ಹಸುವಿನ ಕೆಚ್ಚಲು, ಬಾಲದ ಬುಡ, ಕಿವಿಯೊಳಗೆ ನೀಲಿ ಬೂದು ಬಣ್ಣಕ್ಕೆ ಊದಿ ಕೂತಿರುತ್ತಲ್ಲ, ಅದೇ. ಅನಾಪ್ಲಾಸ್ಮಾ ಅಂತ ಮೂರನೆಯದೊಂದು ಇದೆ, ಅದಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ಸಾಕು. ಹಳ್ಳಿಯಲ್ಲಿ ಮೂರಕ್ಕೂ ಒಂದೇ ಹೆಸರು, ಉಣ್ಣೆ ಜ್ವರ. ಔಷಧಿ ಮಾತ್ರ ಮೂರಕ್ಕೆ ಮೂರು. ಅದಕ್ಕೇ ರಕ್ತ ನೋಡದೆ ಸೂಜಿ ಹಾಕಿಸಬಾರದು ಅನ್ನೋದು.

ಗೋಡೆಯಲ್ಲಿರುವ ಶತ್ರು

ಎರಡು ಉಣ್ಣೆಗಳ ಜೀವನಕ್ರಮ ಬೇರೆ ಬೇರೆ. ಇದು ತಿಳಿಯದೆ ಔಷಧಿ ಹೊಡೆದರೆ ದುಡ್ಡು ಗಾಳಿಗೆ.

ನೀಲಿ ಬೂದು ರೈಪಿಸೆಫಲಸ್ ಮರಿಯಾಗಿ ಹಸುವನ್ನು ಹತ್ತಿದರೆ ದೊಡ್ಡದಾಗುವವರೆಗೂ ಅದೇ ಹಸುವಿನ ಮೇಲೆ ಇರುತ್ತೆ, ಸುಮಾರು 21 ದಿನ. ಮೈಮೇಲೆ ಔಷಧಿ ಹಚ್ಚಿದರೆ ಸಿಕ್ಕಿಬೀಳುತ್ತೆ. ಬೆಬೀಸಿಯಾ ತಾಯಿ ಉಣ್ಣೆಯಿಂದ ಮೊಟ್ಟೆಗೇ ದಾಟುತ್ತೆ, ಹಾಗಾಗಿ ಹುಟ್ಟಿದ ಮರಿಯೇ ರೋಗ ಹೊತ್ತಿರಬಹುದು. ಹಯಲೋಮಾ ಹಾಗಲ್ಲ. ಒಂದು ಊಟ ಆದ ಮೇಲೆ ಇಳಿದು ಹೋಗಿ ಕೊಟ್ಟಿಗೆಯ ಗೋಡೆ ಬಿರುಕಿನಲ್ಲಿ ಕೂತು ಪೊರೆ ಕಳಚುತ್ತೆ, ಮತ್ತೆ ಬಂದು ಇನ್ನೊಂದು ಹಸು ಹತ್ತುತ್ತೆ. ಥೈಲೇರಿಯಾ ಮೊಟ್ಟೆಗೆ ದಾಟೋದಿಲ್ಲ. ಎಳೆಯದಾಗಿದ್ದಾಗ ರೋಗದ ಹಸುವಿನಿಂದ ಕುಡಿದು, ದೊಡ್ಡದಾಗಿ ಇನ್ನೊಂದು ಹಸುವಿಗೆ ಕೊಡುತ್ತೆ. ಕಚ್ಚಿದ ತಕ್ಷಣವೂ ಅಲ್ಲ, ಜೊಲ್ಲುಗ್ರಂಥಿಯಲ್ಲಿ ಪರಾವಲಂಬಿ ಬಲಿಯಲು ಎರಡು ಮೂರು ದಿನ ಬೇಕು. ಆದ್ದರಿಂದ ದಿನಾ ಸಂಜೆ ಹಸುವಿನ ಮೈ ತಡವಿ ಉಣ್ಣೆ ಕೀಳುವ ಅಜ್ಜಿಯರ ಅಭ್ಯಾಸ ಬರೀ ಕಾಲಹರಣ ಆಗಿರಲಿಲ್ಲ.

ನಮ್ಮ ಊರುಗಳ ಹಳೇ ಕೊಟ್ಟಿಗೆ ನೋಡಿದ್ದೀರಲ್ಲ: ಕಲ್ಲು ಪೇರಿಸಿ ಮಣ್ಣು ಮೆತ್ತಿದ ಗೋಡೆ, ಮೇಲೆ ಕಲ್ಲು ಚಪ್ಪಡಿ. ಗೌರಿಬಿದನೂರಿನಿಂದ ಚಿಂತಾಮಣಿವರೆಗೆ ಇದೇ. ಹಯಲೋಮಾಗೆ ಇದಕ್ಕಿಂತ ಒಳ್ಳೇ ಹಾಸ್ಟೆಲ್ ಯಾರೂ ಕಟ್ಟಿಕೊಡಲಾರರು. ಒಣ ಹವೆ ಅದಕ್ಕೆ ತೊಂದರೆಯಿಲ್ಲ, ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹಸುವಿನ ಮೈಗೆ ಎಷ್ಟು ಔಷಧಿ ಹೊಡೆದರೂ ಗೋಡೆಯಲ್ಲಿರುವುದಕ್ಕೆ ತಾಗೋದಿಲ್ಲ.

ಲೆಕ್ಕ ನೋಡಿ. ಒಂದು ಹೆಣ್ಣು ಸುಮಾರು 2,500 ಮೊಟ್ಟೆ ಇಡುತ್ತೆ ಅಂತಿಟ್ಟುಕೊಳ್ಳಿ. ಬಿದ್ದದ್ದು ಹತ್ತು ಉಣ್ಣೆ, 25,000 ಮೊಟ್ಟೆ. ನೂರಕ್ಕೆ ತೊಂಬತ್ತೊಂಬತ್ತು ಸತ್ತರೂ 250 ಉಳಿಯುತ್ತವೆ, ಅರ್ಧ ಹೆಣ್ಣು ಅಂದರೆ 125. ಒಂದು ತಲೆಮಾರಿಗೆ ಹನ್ನೆರಡೂವರೆ ಪಟ್ಟು. ಔಷಧಿಯಿಂದ ನೂರಕ್ಕೆ 90 ಕೊಂದೆವು ಅಂತ ಹಿಗ್ಗಿದರೆ, ಇನ್ನೊಂದು ತಲೆಮಾರಿನಲ್ಲಿ ಮೊದಲಿಗಿಂತ ಜಾಸ್ತಿ ಇರುತ್ತವೆ. ಮೇಲಾಗಿ ಆ ಉಳಿದ ಹತ್ತು ಔಷಧಿಯನ್ನು ತಡೆದುಕೊಂಡವು. ಡೆಲ್ಟಾಮೆತ್ರಿನ್‌ಗೆ ಬಗ್ಗದ ಉಣ್ಣೆಗಳು ಭಾರತದ ಹಲವು ಕಡೆ ಈಗಾಗಲೇ ಪತ್ತೆಯಾಗಿವೆ. "ಸ್ವಲ್ಪ ಕಮ್ಮಿ ಹಾಕೋಣ, ಬಾಟಲಿ ಇನ್ನೊಂದು ಸಲಕ್ಕೆ ಬರಲಿ" ಅನ್ನುವ ಉಳಿತಾಯ ಇಂಥ ಗಟ್ಟಿ ಉಣ್ಣೆಗಳನ್ನು ಆರಿಸಿ ಬೆಳೆಸುವ ಅತ್ಯುತ್ತಮ ವಿಧಾನ.

ಶಿಡ್ಲಘಟ್ಟದ ತೊಡಕು

ಈಗ ಎರಡನೇ ಪೆಟ್ಟು. ಹಸು ಎದ್ದು ನಿಂತ ಮೇಲೆ ಅಪ್ಪನಿಗೆ ಉಣ್ಣೆ ಮೇಲೆ ಸಿಟ್ಟು ಬಂತು. ಅಂಗಡಿಯಿಂದ ಔಷಧಿ ತಂದು ಹಸುವಿಗೆ, ಕೊಟ್ಟಿಗೆ ಗೋಡೆಗೆ ಎಲ್ಲ ಚೆನ್ನಾಗಿ ಹೊಡೆದರು. ಕೊಟ್ಟಿಗೆಯ ಆ ಕಡೆ ಗೋಡೆ ನಮ್ಮ ಹುಳು ಮನೆಯದು.

ಬೇರೆ ಜಿಲ್ಲೆಯವರಿಗೆ ಒಂದು ಮಾತು: ಶಿಡ್ಲಘಟ್ಟದಲ್ಲಿ ಜ್ವರ ಅಂದರೆ ಎರಡು ಅರ್ಥ. ರೇಷ್ಮೆ ಹುಳ ಸೊಪ್ಪು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ನಿಲ್ಲುವುದನ್ನೂ ಜ್ವರ ಅಂತಲೇ ಅನ್ನೋದು. ನಾಲ್ಕು ಜ್ವರ ಎದ್ದ ಮೇಲೆ ಹುಳ ರಾಕ್ಷಸನಂತೆ ಸೊಪ್ಪು ತಿಂದು, ಹಣ್ಣಾಗಿ, ಚಂದ್ರಿಕೆಗೆ ಹೋಗುತ್ತೆ. ನಮ್ಮದು 150 ಮೊಟ್ಟೆ ಬೆಳೆ, ನಾಲ್ಕನೇ ಜ್ವರ ಎದ್ದು ಮೂರು ದಿನ ಆಗಿತ್ತು. ಅಪ್ಪ ಔಷಧಿ ಹೊಡೆದು, ಕೈಕಾಲು ತೊಳೆದು, ಅದೇ ಅಂಗಿಯಲ್ಲಿ ಹೋಗಿ ಸೊಪ್ಪು ಹಾಕಿದರು. ರಾತ್ರಿ ಹತ್ತು ಗಂಟೆಗೆ ಹುಳಗಳು ತಲೆ ಒದರತೊಡಗಿದವು. ಬಾಯಿಂದ ಹಸಿರು ನೀರು. ಬೆಳಗಾಗುವಷ್ಟರಲ್ಲಿ ಮೈ ಕುಗ್ಗಿ, ಬಾಗಿ, ತಟ್ಟೆ ತಟ್ಟೆಗಳೇ ಖಾಲಿ. 80, 90 ಕೆಜಿ ಗೂಡು ಆಗಬೇಕಿದ್ದ ಬೆಳೆಯನ್ನು ತಿಪ್ಪೆಗೂ ಹಾಕಲಾಗದೆ ಗುಂಡಿ ತೋಡಿ ಮುಚ್ಚಿದೆವು. ಅಪ್ಪ ಎರಡು ದಿನ ಮಾತಾಡಲಿಲ್ಲ. ಬಾಟಲಿ ತಿರುಗಿಸಿ ನಾನು ಆಮೇಲೆ ಓದಿದೆ, ಎಚ್ಚರಿಕೆ ಇತ್ತು, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ.

ಡೆಲ್ಟಾಮೆತ್ರಿನ್, ಸೈಪರ್‌ಮೆತ್ರಿನ್, ಫ್ಲೂಮೆತ್ರಿನ್ ಇವೆಲ್ಲ ಪೈರೆಥ್ರಾಯ್ಡ್ ಗುಂಪಿನವು. ನರದ ಸೋಡಿಯಂ ಬಾಗಿಲನ್ನು ತೆರೆದೇ ಇಟ್ಟುಬಿಡುತ್ತವೆ, ಸಿಗ್ನಲ್ ನಿಲ್ಲೋದೇ ಇಲ್ಲ, ಜೀವಿ ಒದ್ದಾಡಿ ಸಾಯುತ್ತೆ. ಹಸುವಿನ ದೇಹ ಇದನ್ನು ಬೇಗ ಒಡೆದು ಹಾಕುತ್ತೆ. ಸಾವಿರಾರು ವರ್ಷದಿಂದ ಮನೆಯೊಳಗೆ ಸಾಕಿದ ರೇಷ್ಮೆ ಹುಳಕ್ಕೆ ಇದರ ಸೋಂಕು ಗಾಳಿಯೂ ಸಾಕು.

ಇಲ್ಲಿನ ಮನೆಗಳಲ್ಲಿ ಹಸು ಮತ್ತು ಹುಳ ಬೇರೆ ಬೇರೆ ಅಲ್ಲ. ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು, ಕಡ್ಡಿ ಹಸುವಿಗೆ. ಹಸುವಿನ ಗೊಬ್ಬರ ಹಿಪ್ಪುನೇರಳೆ ತೋಟಕ್ಕೆ. ಒಂದು ಕಡೆ ಹಾಕಿದ ವಿಷ ಇನ್ನೊಂದು ಕಡೆ ಬಂದೇ ಬರುತ್ತೆ. ಪೇಟೆಯ ಸಲಹೆ ಪುಸ್ತಕಗಳು ಹೈನುಗಾರಿಕೆಗೆ ಒಂದು, ರೇಷ್ಮೆಗೆ ಒಂದು. ಎರಡೂ ಒಂದೇ ಅಂಗಳದಲ್ಲಿ ಇರುವವನಿಗೆ ಏನು ಮಾಡಬೇಕು ಅಂತ ಹೇಳುವವರು ಕಮ್ಮಿ. ಆದ್ದರಿಂದ ನಾವು ಈಗ ಮನೆಯಲ್ಲಿ ಹಾಕಿಕೊಂಡಿರುವ ಕ್ರಮ ಹೇಳುತ್ತೇನೆ.

ಇದು ಶುದ್ಧ ಶೆಡ್ಯೂಲಿಂಗ್ ಸಮಸ್ಯೆ. ಚಾಕಿ ಹುಳ ತಂದರೆ ಮನೆಯಲ್ಲಿ 20 ದಿನದ ಆಸುಪಾಸು ಸಾಕಣೆ, ಆಮೇಲೆ ಗೂಡು ಬಿಡಿಸುವುದು, ಹುಳು ಮನೆ ತೊಳೆದು ಬ್ಲೀಚಿಂಗ್ ಪುಡಿ ಹಾಕುವುದು, ಮುಂದಿನ ಬೆಳೆಗೆ ಹತ್ತು ದಿನದ ಬಿಡುವು. ಉಣ್ಣೆಯ ಚಕ್ರ 21 ದಿನ. ಹಸುವಿಗೆ ಔಷಧಿ ಗೂಡು ಮಾರಿದ ದಿನವೇ, ಬಿಡುವಿನ ಮೊದಲ ದಿನ. ಸಿಂಪಡಿಸೋದಿಲ್ಲ, ಬೆನ್ನ ಮೇಲೆ ಸುರಿಯುವ ಔಷಧಿಯನ್ನು ಡಾಕ್ಟ್ರು ಹೇಳಿದ ಅಳತೆಗೆ ಹಾಕುತ್ತೇವೆ, ಗಾಳಿಗೆ ಹಾರೋದಿಲ್ಲ. ಹಸುವನ್ನು ಹುಳು ಮನೆಯಿಂದ ದೂರ, ಗಾಳಿಯ ಕೆಳಗಡೆ ಕಟ್ಟುತ್ತೇವೆ. ಹಾಕಿದವರು ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಹುಳು ಮನೆಗೆ. ತೋಟಕ್ಕೆ ಬಳಸುವ ಪಂಪು ಬೇರೆ, ಕೊಟ್ಟಿಗೆಯದು ಬೇರೆ. ಆ ವಾರ ಹಾಕಿದ ಸಗಣಿ ನೇರವಾಗಿ ಹಿಪ್ಪುನೇರಳೆ ಸಾಲಿಗೆ ಹೋಗೋದಿಲ್ಲ. ಬೆಳೆ ನಡೆಯುವಾಗ ಬರೀ ಕೈಯಲ್ಲಿ ಕೀಳುವುದು, ಸೋಪು ನೀರಿನ ಡಬ್ಬಿಗೆ ಹಾಕುವುದು. ಉಗುರಲ್ಲಿ ಕುಟ್ಟಬಾರದು, ರಕ್ತದ ಜೊತೆ ರೋಗಾಣುವೂ ಕೈಗೆ ಬರುತ್ತೆ.

ಗೋಡೆಗೆ ಔಷಧಿಯೇ ಬೇಡ ಅಂತ ತೀರ್ಮಾನ ಮಾಡಿದೆವು. ಸಿವಿಲ್ ಬ್ರಾಂಚಿನ ಇಬ್ಬರು ಗೆಳೆಯರು ಒಂದು ಭಾನುವಾರ ಬಂದರು. ಹುಳು ಮನೆ ಶುದ್ಧಿಗೆ ಬಳಸುವ ಬೆಂಕಿ ಗನ್ ತಂದು, ಹುಲ್ಲು, ಹಗ್ಗ ಎಲ್ಲ ಹೊರಹಾಕಿ, ಕಲ್ಲುಸಂದಿಗಳಿಗೆ ಉರಿ ತೋರಿಸಿದೆವು. ಪಟಪಟ ಸದ್ದು ಬಂತು, ಎಷ್ಟಿದ್ದವೋ. ಆಮೇಲೆ ಸಂದಿಗಳಿಗೆ ಗಾರೆ ತುಂಬಿ, ಆಳೆತ್ತರದವರೆಗೆ ಪ್ಲಾಸ್ಟರ್ ಮಾಡಿ ಸುಣ್ಣ ಹೊಡೆದೆವು. ಈ ಬೇಸಿಗೆಯಲ್ಲಿ ಪಟ್ಟೆ ಕಾಲಿನದು ಕೈಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು.

ನಾಟಿ ಮದ್ದು ಇಲ್ಲವೇ ಅಂತ ಕೇಳಬಹುದು. ಇದೆ. ಯಲಹಂಕದ ಟಿಡಿಯು ವಿಶ್ವವಿದ್ಯಾಲಯದವರು ಮತ್ತು ಎನ್‌ಡಿಡಿಬಿ ಸೇರಿ ಬೆಳ್ಳುಳ್ಳಿ, ಬೇವು, ಬಜೆ, ಅರಿಶಿನ, ತುಳಸಿ, ಲಂಟಾನ ಎಲೆ ಅರೆದು ಮಾಡುವ ಲೇಪವನ್ನು ಪ್ರಚಾರ ಮಾಡುತ್ತಿದ್ದಾರೆ. ಆದರೆ ಬೇವು ನೈಸರ್ಗಿಕ ಅಂತ ಹುಳು ಮನೆ ಪಕ್ಕ ಧೈರ್ಯ ಮಾಡಬೇಡಿ. ಬೇವಿನ ಅಜಾಡಿರಾಕ್ಟಿನ್ ಹುಳುಗಳ ಪೊರೆ ಕಳಚುವ ಕ್ರಿಯೆಯನ್ನೇ ಕೆಡಿಸುತ್ತೆ, ರೇಷ್ಮೆ ಹುಳವೂ ಅದಕ್ಕೆ ಹೊರತಲ್ಲ. ಐವರ್‌ಮೆಕ್ಟಿನ್ ಸೂಜಿ ಕೆಲವರು ಹಾಕಿಸುತ್ತಾರೆ. ಅದು ಹಾಲಿನಲ್ಲಿ ಇಳಿಯುತ್ತೆ, ಕರೆಯುವ ಹಸುವಿಗೆ ಸಲ್ಲದು.

ಮಲೆನಾಡಿನದು ಬೇರೆಯೇ ಕಥೆ

ಹಾಗಾದರೆ ಮಂಗನ ಕಾಯಿಲೆ? 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ರಕ್ತಸ್ರಾವವಾಗಿ ಸತ್ತರು. ಆಫ್ರಿಕಾದ ಹಳದಿ ಜ್ವರ ಬಂತೇನೋ ಅಂತ ಹೆದರಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅವರ ತಂಡ ಬಂತು. ಸಿಕ್ಕಿದ್ದು ಹಳದಿ ಜ್ವರದ ವೈರಸ್ ಅಲ್ಲ, ರಷ್ಯಾದ ಉಣ್ಣೆ ಜ್ವರಗಳ ಬಳಗದ ಹೊಸದೊಂದು ವೈರಸ್. ವಲಸೆ ಹಕ್ಕಿಗಳು ಸೈಬೀರಿಯಾದಿಂದ ತಂದವೇ ಅಂತ ಹುಡುಕುವ ಕೆಲಸಕ್ಕೆ ಸಲೀಂ ಅಲಿಯವರೂ ಸೇರಿದ್ದರು. ಸಾಗಿಸುವ ಉಣ್ಣೆ ಹೀಮಾಫೈಸಾಲಿಸ್ ಸ್ಪಿನಿಜೆರಾ, ಕಾಡಿನ ತರಗೆಲೆಯ ತೇವದಲ್ಲಿ ಬದುಕುವಂಥದ್ದು. ಮನುಷ್ಯನಿಗೆ ಅಂಟುವುದು ಹೆಚ್ಚಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಉಣ್ಣೆಯಿಂದ, ಡಿಸೆಂಬರಿನಿಂದ ಮೇವರೆಗೆ. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ನಾಡದನಗಳಿಗೆ ಈ ವೈರಸ್ ಏನೂ ಮಾಡೋದಿಲ್ಲ, ಆದರೆ ಕಾಡಿಗೆ ಮೇಯಲು ಹೋಗುವ ದನವೇ ದೊಡ್ಡ ಉಣ್ಣೆಗಳಿಗೆ ಊಟ.

ದಶಕಗಳ ಕಾಲ ಅದು ಶಿವಮೊಗ್ಗ, ಉತ್ತರ ಕನ್ನಡದ ಸುತ್ತಮುತ್ತಲಿನ ಕಾಯಿಲೆ ಅನ್ನಿಸಿಕೊಂಡಿತ್ತು. 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿತು, ಆಮೇಲೆ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪತ್ರಿಕೆಗಳ ಮುಖಪುಟದಲ್ಲಿತ್ತು. 1990ರಿಂದ ಕೊಡುತ್ತಿದ್ದ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸದಕ್ಕೆ ಐಸಿಎಂಆರ್ ಕೆಲಸ ಮಾಡುತ್ತಿದೆ. ಸದ್ಯಕ್ಕೆ ಕೈಯಲ್ಲಿರುವುದು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ, ಮೈಮುಚ್ಚುವ ಬಟ್ಟೆ. ಅರವತ್ತು ವರ್ಷಕ್ಕೂ ಹಳೆಯ ರೋಗಕ್ಕೆ ಇವತ್ತಿಗೂ ನಿರ್ದಿಷ್ಟ ಔಷಧಿ ಇಲ್ಲ ಅಂದರೆ, ಅದು ಬಡ ಕೂಲಿಯವರಿಗೆ, ಸೌದೆ ತರುವವರಿಗೆ ಬರುವ ಕಾಯಿಲೆ ಅನ್ನೋದೂ ಒಂದು ಕಾರಣ ಅಂತ ನನಗನ್ನಿಸುತ್ತೆ.

ನಮ್ಮ ಜಿಲ್ಲೆ ಆ ಕಾಯಿಲೆಯ ಪ್ರದೇಶ ಅಲ್ಲ. ಸ್ಕಂದಗಿರಿಯ ಉಣ್ಣೆ ಕಚ್ಚಿದವನಿಗೆ ಮಂಗನ ಕಾಯಿಲೆ ಅಂತ ಹೆದರಿಸಬೇಡಿ. ಆದರೆ ಜನವರಿಯಲ್ಲಿ ಕೊಡಚಾದ್ರಿಗೋ ಜೋಗದ ಸುತ್ತಿನ ಕಾಡಿಗೋ ಟ್ರೆಕ್ ಹೋಗಿ ಬಂದವನಿಗೆ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ, ಡಾಕ್ಟ್ರಿಗೆ ಎಲ್ಲಿಗೆ ಹೋಗಿದ್ದೆ ಅಂತ ಮೊದಲು ಹೇಳಲಿ.

ನಮ್ಮ ಒಣ ಪ್ರದೇಶದ ಮನುಷ್ಯರು ಗಮನಿಸಬೇಕಾದದ್ದು ಬೇರೆ ಎರಡು. ಒಂದು, ನಾಯಿಯ ಕಂದು ಉಣ್ಣೆ ತರುವ ಚುಕ್ಕೆ ಜ್ವರ, ರಿಕೆಟ್ಸಿಯಾ ಕೊನೊರಿ ಅನ್ನುವ ಬ್ಯಾಕ್ಟೀರಿಯಾದ್ದು. ಜ್ವರದ ಜೊತೆ ಅಂಗೈ, ಅಂಗಾಲಿನಲ್ಲೂ ಕೆಂಪು ಗುಳ್ಳೆ ಏಳುತ್ತವೆ, ಮಕ್ಕಳಿಗೆ ಹೆಚ್ಚು. ಕ್ಯಾಂಟೀನ್ ಹಿಂದೆ ನಾವು ಬಿಸ್ಕತ್ತು ಹಾಕಿ ಸಾಕುವ ನಾಯಿಗಳ ಕಿವಿಯೊಳಗೆ ಒಮ್ಮೆ ನೋಡಿ. ಇನ್ನೊಂದು ಸ್ಕ್ರಬ್ ಟೈಫಸ್. ಅದನ್ನು ತರುವುದು ಉಣ್ಣೆ ಅಲ್ಲ, ಅದರ ದಾಯಾದಿ, ಪೊದೆಗಳಲ್ಲಿರುವ ನುಸಿಯ ಮರಿ. ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರಬಹುದು, ಅದೂ ಸೊಂಟ, ಕಂಕುಳು, ತೊಡೆಸಂದಿಯಂಥ ಜಾಗದಲ್ಲಿ, ನಾಚಿಕೆಗೆ ಯಾರೂ ತೋರಿಸೋದಿಲ್ಲ. ಎರಡಕ್ಕೂ ಅಗ್ಗದ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತೆ. ಮೆಡಿಕಲ್ ಶಾಪಿನಲ್ಲಿ ನಾವೇ ಕೇಳಿ ತಗೊಳ್ಳುವ ಅಮಾಕ್ಸಿಸಿಲಿನ್ ನಾಟೋದಿಲ್ಲ. ಡೆಂಗ್ಯೂ ಟೆಸ್ಟ್ ನೆಗೆಟಿವ್ ಬಂದು, ಐದು ದಿನ ಆದರೂ ಜ್ವರ ಬಿಡದಿದ್ದರೆ ಈ ಎರಡು ಹೆಸರನ್ನು ಡಾಕ್ಟ್ರ ಮುಂದೆ ಕೇಳಿ ನೋಡಿ, ಬೈದರೂ ಪರವಾಗಿಲ್ಲ.

ಮತ್ತೆ ಹಾಸ್ಟೆಲ್‌ಗೆ ಬರೋಣ. ಲೈಟರ್, ಸೀಮೆಎಣ್ಣೆ, ಸುಣ್ಣ ಯಾವುದೂ ಬೇಡ. ಹಾಗೆ ಮಾಡಿದರೆ ಉಣ್ಣೆ ಹಿಂಸೆಗೆ ಹೊಟ್ಟೆಯೊಳಗಿನದನ್ನು ಗಾಯದೊಳಕ್ಕೇ ಕಕ್ಕಬಹುದು. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಮೂತಿಯನ್ನು ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆಯಬೇಕು. ಎಲೆಕ್ಟ್ರಾನಿಕ್ಸ್ ಲ್ಯಾಬಿನವನೊಬ್ಬ ಸೋಲ್ಡರಿಂಗಿಗೆ ಬಳಸುವ ಚಿಮಟ ತಂದುಕೊಟ್ಟ, ಅದರಲ್ಲೇ ತೆಗೆದೆ. ಸೋಪಿನಿಂದ ತೊಳೆದು, ತಾರೀಕು ಬರೆದಿಟ್ಟುಕೋ, ಎರಡು ವಾರ ಜ್ವರ ಬರುತ್ತಾ ನೋಡು ಅಂದೆ. ಬರಲಿಲ್ಲ. ಹುಡುಗ ಮುಂದಿನ ಭಾನುವಾರವೇ ಆವಲಬೆಟ್ಟಕ್ಕೆ ಹೋದ, ಈ ಸಲ ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಂಡು.

ನಮ್ಮ ಹಸುವಿನ ಕರು ಈಗ ಚೆನ್ನಾಗಿ ಬೆಳೆದಿದೆ. ಥೈಲೇರಿಯಾಗೆ ಹೈದರಾಬಾದಿನಲ್ಲಿ ತಯಾರಾಗುವ ರಕ್ಷಾವ್ಯಾಕ್-ಟಿ ಅನ್ನುವ ಲಸಿಕೆ ಇದೆ, ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಕೊಡಬಹುದು, ಗಬ್ಬದ ಹಸುವಿಗೆ ಆಗದು. ಜೀವಂತ ಲಸಿಕೆಯಾದ್ದರಿಂದ ದ್ರವ ಸಾರಜನಕದಲ್ಲಿ ಇಡಬೇಕು, ಹಳ್ಳಿಗೆ ತಲುಪುವುದು ಕಷ್ಟ. ಗರ್ಭಧಾರಣೆ ಕಡ್ಡಿಗಳು ಮಾತ್ರ ಅದೇ ಸಾರಜನಕದ ಕ್ಯಾನಿನಲ್ಲಿ ಪ್ರತಿ ಹಳ್ಳಿಗೂ ಬರುತ್ತವೆ! ನಮ್ಮ ಬೀದಿಯ ಹನ್ನೊಂದು ಮನೆಯವರ ಕರುಗಳನ್ನು ಸೇರಿಸಿ ಪಟ್ಟಿ ಮಾಡಿ ಪಶು ಆಸ್ಪತ್ರೆಗೆ ಕೊಟ್ಟಿದ್ದೇವೆ. ಒಟ್ಟಿಗೆ ಇಷ್ಟು ಕರು ಇದ್ದರೆ ತರಿಸಿ ನೋಡೋಣ ಅಂದಿದ್ದಾರೆ.

ಕೊನೆಗೊಂದು ಕೋರಿಕೆ. ನಿಮ್ಮ ಊರಲ್ಲಿ ಈ ಹುಳುವಿಗೆ ಏನು ಹೆಸರು, ಉಣ್ಣೆ ಜ್ವರಕ್ಕೆ ಏನಂತಾರೆ, ಮನೆಯ ದೊಡ್ಡವರು ಏನು ಮಾಡುತ್ತಿದ್ದರು ಅಂತ ಸಂಘದ ಡಬ್ಬಿಗೆ ಒಂದು ಚೀಟಿ ಬರೆದು ಹಾಕಿ. ಊರು, ತಾಲ್ಲೂಕಿನ ಹೆಸರು ಮರೆಯಬೇಡಿ.